ಒಂಬತ್ತನೆಯ ಸೆಕೆಂಡಿಗೆ ನಿಂತ ಉಂಗುರ

ತಾಗಿರಲಿಕ್ಕಿಲ್ಲ, ಎಂದುಕೊಂಡೆ. ತಾಗಿದ ಹಾಗೆ ಕಂಡಿತು, ಅಷ್ಟೆ. ನಾನು ನನ್ನನ್ನು ಕಟ್ಟಿಕೊಂಡಿದ್ದ ಕಂಬದಿಂದ ಉಂಗುರದ ಹದಿನೇಳನೆಯ ಕೀಲಿಗೆ ಎಂಟು ಮೀಟರಾದರೂ ದೂರವಿತ್ತು. ಅಷ್ಟು ದೂರದಿಂದ ಒಂದು ಬೆರಳು ಕೊಳವೆಯನ್ನು ಮುಟ್ಟಿತೋ, ಕೂದಲೆಳೆಯಷ್ಟು ಈಚೆಗೇ ನಿಂತಿತೋ ಎಂದು ಹೇಳಬಲ್ಲಂಥ ಕಣ್ಣು ನನ್ನದಲ್ಲ. ಆದರೆ ಮುಟ್ಟದೆ ಇದ್ದಿದ್ದರೆ ಉಂಗುರ ಯಾಕೆ ನಿಂತಿತು? ತಾನಾಗಿಯೇ ನಿಂತಿರಬಹುದಲ್ಲ? ಯಾವುದಾದರೊಂದು ದಿನ ಅದು ತಾನಾಗಿ ನಿಲ್ಲಲಿ ಎಂದೇ ಅಲ್ಲವೇ ಮೂರು ವರ್ಷ ಕೆಲಸ ಮಾಡಿದ್ದು? ಬಿಡುವು ಮುಗಿಯಲು ಇನ್ನೂ ಹನ್ನೊಂದು ನಿಮಿಷ ಇತ್ತು. ಹಾಗಾಗಿ ಯಾರನ್ನೂ ಏನನ್ನೂ ಕೇಳುವಂತಿರಲಿಲ್ಲ.

ಆ ಊರಿನಲ್ಲಿ ಪ್ರತಿ ಗುರುವಾರ ಮಧ್ಯಾಹ್ನ ಎರಡೂಕಾಲು ಗಂಟೆಗೆ ಎಲ್ಲದರ ಭಾರವೂ ಹೋಗುತ್ತದೆ, ನಲವತ್ತು ನಿಮಿಷದ ಮೇಲೆ ವಾಪಸು ಬರುತ್ತದೆ. ಊರಿನವರು ಅದನ್ನು ಬಿಡುವು ಎನ್ನುತ್ತಾರೆ. ಪುರಸಭೆಯ ಸೈರನ್ ಎರಡು ಗಂಟೆಗೆ ಒಂದು ಸಲ, ಎರಡೂ ಹತ್ತಕ್ಕೆ ಇನ್ನೊಂದು ಸಲ ಕೂಗುತ್ತದೆ. ಮೊದಲ ಕೂಗಿಗೆ ಒಲೆ ಆರಿಸುತ್ತಾರೆ, ಪಾತ್ರೆಗಳ ಮುಚ್ಚಳ ತಿರುಗಿಸಿ ಬಿಗಿ ಮಾಡುತ್ತಾರೆ, ಎಮ್ಮೆಗಳ ನಾಲ್ಕೂ ಕಾಲಿಗೆ ಹಗ್ಗ ಹಾಕುತ್ತಾರೆ, ಬಾವಿಯ ಮೇಲೆ ಹಲಗೆ ಎಳೆಯುತ್ತಾರೆ. ಎರಡನೆಯ ಕೂಗಿಗೆ ತಮ್ಮನ್ನು ತಾವು ಕಟ್ಟಿಕೊಳ್ಳುತ್ತಾರೆ. ಪ್ರತಿ ಮನೆಯ ಗೋಡೆಯಲ್ಲೂ ಸೊಂಟದೆತ್ತರಕ್ಕೆ ಕಬ್ಬಿಣದ ಕೊಂಡಿಗಳಿವೆ. ಮನೆಮಂದಿಗೆ ಒಂದೊಂದು, ಬಂದು ಹೋಗುವವರಿಗೆ ಎರಡು. ಸಂಬಂಧ ಕೇಳಿಕೊಂಡು ಬಂದವರು ಮೊದಲು ಕಣ್ಣು ಹಾಯಿಸುವುದು ಗೋಡೆಯ ಕೊಂಡಿಗಳ ಮೇಲೆ. ತುಕ್ಕು ಹಿಡಿದಿದ್ದರೆ ಅವಲಕ್ಕಿ ತಿಂದು ಎದ್ದು ಹೋಗುತ್ತಾರೆ.

ಬಿಡುವಿನಲ್ಲಿ ಯಾರೂ ಮಾತಾಡುವುದಿಲ್ಲ. ಬಾಯಿ ತೆರೆದರೆ ಗಾಳಿಯಲ್ಲಿ ತೇಲುತ್ತಿರುವುದು ಯಾವುದು ಬೇಕಾದರೂ ಒಳಗೆ ಹೋಗಬಹುದು. ಹಿಂದೆ ವರ್ಗವಾಗಿ ಬಂದ ಅಧಿಕಾರಿಯೊಬ್ಬರು ಭಾಷಣ ನಿಲ್ಲಿಸಲು ಒಪ್ಪದೆ ಎರಡು ಗುಂಡುಸೂಜಿ, ಒಂದು ಜೇನುನೊಣ ನುಂಗಿದರಂತೆ. ಭಾಷಣ ಪೂರ್ತಿಯಾಯಿತು, ಆದರೆ ಆಮೇಲೆ ಅವರು ಬಹಳ ದಿನ ಇರಲಿಲ್ಲ ಎಂದು ಹೇಳುತ್ತಾರೆ. ವರ್ಗವಾಗಿ ಹೋದರೋ ಇನ್ನೇನೋ, ಯಾರೂ ಬಿಡಿಸಿ ಹೇಳುವುದಿಲ್ಲ.

ಇನ್ನೊಂದು ಪದ್ಧತಿ ಇತ್ತು. ಅದಕ್ಕೆ ಬೆರಳು ಕೊಡುವುದು ಎಂದು ಹೆಸರು. ಭಾರವಿಲ್ಲದ ಹೊತ್ತಿನಲ್ಲಿ ಕಟ್ಟಿಟ್ಟ ವಸ್ತು ಸುಮ್ಮನಿರುವುದಿಲ್ಲ. ದಾರದ ತುದಿಯಲ್ಲಿ ತೂಗುತ್ತದೆ, ನಡುಗುತ್ತದೆ, ಪಕ್ಕದ್ದಕ್ಕೆ ಬಡಿಯುತ್ತದೆ. ಹತ್ತಿರ ಇದ್ದವರು ಒಂದು ಬೆರಳು ಚಾಚಿ ಮೆಲ್ಲಗೆ ಮುಟ್ಟಿ ಅದನ್ನು ನಿಲ್ಲಿಸುತ್ತಾರೆ. ಅದು ಯಾರ ಮನೆಯ ಚೊಂಬು, ಯಾರ ತೊಟ್ಟಿಲು ಎಂದು ನೋಡುವುದಿಲ್ಲ. ಮುಟ್ಟಿದವರು ಮುಟ್ಟಿದೆ ಎಂದು ನೆನಪಿಡುವುದಿಲ್ಲ, ಉಳಿದವರು ಉಪಕಾರವಾಯಿತು ಎನ್ನುವುದಿಲ್ಲ. ನಾನು ಬಾಡಿಗೆಗಿದ್ದ ಮನೆಯ ಅಜ್ಜಿ ಬಿಡುವಿನ ಹೊತ್ತಿಗೆ ನಿದ್ದೆ ಹೋಗಿರುತ್ತಿದ್ದರು. ನಿದ್ದೆಯಲ್ಲೇ ಅವರ ಕೈ ಎದ್ದು, ತೇಲಿ ಬಂದ ನನ್ನ ಕನ್ನಡಕದ ಡಬ್ಬಿಯನ್ನು ನಿಲ್ಲಿಸಿ, ಮತ್ತೆ ಎದೆಯ ಮೇಲೆ ಹೋಗಿ ಕೂರುತ್ತಿತ್ತು.

ಆಕಾಶಕ್ಕೆ ಹೋಗುವ ಉಂಗುರದ ಕಾರ್ಖಾನೆಯನ್ನು ಆ ಊರಿನಲ್ಲಿ ಹಾಕಿದ್ದು ಈ ನಲವತ್ತು ನಿಮಿಷಕ್ಕಾಗಿ. ಉಂಗುರ ಎಂದರೆ ಆಂಟೆನಾದ ಚೌಕಟ್ಟು. ಮಡಿಸಿದರೆ ಒಬ್ಬ ಮನುಷ್ಯ ತಬ್ಬಿ ಹಿಡಿಯಬಹುದಾದ ಕೊಳವೆಗಳ ಕಟ್ಟು. ಬಿಚ್ಚಿದರೆ ಹನ್ನೆರಡು ಮೀಟರ್ ಅಗಲದ ವೃತ್ತ. ಅಂಗಡಿಗಳ ಮುಂದೆ ಎಳೆದು ಮುಚ್ಚುವ ಕಬ್ಬಿಣದ ಕತ್ತರಿಗೇಟು ಗೊತ್ತಲ್ಲ, ಅದರ ಎರಡು ತುದಿಗಳನ್ನು ಸೇರಿಸಿ ದುಂಡಗೆ ಮಾಡಿದರೆ ಹೇಗೋ ಹಾಗೆ. ಒಳಗೆ ಒಂದೇ ತಂತಿ ಎಲ್ಲ ಕೊಳವೆಗಳ ಮೂಲಕ ಹಾದು ಹೋಗುತ್ತದೆ. ಮೋಟಾರು ಆ ತಂತಿಯನ್ನು ಎಳೆದಂತೆ ಮೂವತ್ತು ಮೂಲೆಗಳೂ ಒಟ್ಟಿಗೆ ತೆರೆದುಕೊಳ್ಳುತ್ತವೆ, ನಡುವೆ ಕೂದಲಿಗಿಂತ ಸಣ್ಣ ಎಳೆಗಳ ಜಾಲರಿ ಬಿಗಿಯಾಗುತ್ತದೆ, ಕೊನೆಗೆ ಎಲ್ಲ ಕೀಲುಗಳೂ ಟಕ್ಕೆಂದು ಕಚ್ಚಿಕೊಳ್ಳುತ್ತವೆ. ಬೇರೆ ಊರುಗಳಲ್ಲಿ ಇಂಥದನ್ನು ನೂರಾರು ದಾರಗಳಿಂದ ತೂಗುಹಾಕಿ ಬಿಚ್ಚಿ ನೋಡುತ್ತಾರೆ. ಆಗ ಉಂಗುರದ ಗುಣ ಯಾವುದು, ದಾರದ ಗುಣ ಯಾವುದು ಎಂದು ತಿಳಿಯುವುದಿಲ್ಲ. ಇಲ್ಲಿ ದಾರ ಬೇಕಿರಲಿಲ್ಲ.

ಬಿಚ್ಚುವುದು ಕಷ್ಟವಲ್ಲ. ಬಿಚ್ಚಿದ ಮೇಲೆ ಸುಮ್ಮನಾಗುವುದು ಕಷ್ಟ. ಕೀಲುಗಳು ಕಚ್ಚಿಕೊಂಡ ಪೆಟ್ಟಿಗೆ ಇಡೀ ವೃತ್ತ ನಡುಗುತ್ತದೆ. ಒಮ್ಮೆ ಮೊಟ್ಟೆಯ ಹಾಗೆ ಉದ್ದವಾಗುತ್ತದೆ, ಒಮ್ಮೆ ಅಡ್ಡವಾಗುತ್ತದೆ. ನಡುಗುವ ಆಂಟೆನಾಗೆ ಏನೂ ಸರಿಯಾಗಿ ಕೇಳಿಸುವುದಿಲ್ಲ. ಇಪ್ಪತ್ತು ಸೆಕೆಂಡಿನೊಳಗೆ ನಡುಕ ನಿಲ್ಲಬೇಕು ಎಂದು ಮೇಲಿನವರು ಬರೆದುಕೊಟ್ಟಿದ್ದರು. ಅದನ್ನು ಲೆಕ್ಕ ಹಾಕಿ ನಕ್ಷೆ ಮಾಡಿದವನು ನಾನು. ಪದವಿ ಮುಗಿಸಿ ನೇರವಾಗಿ ಅಲ್ಲಿಗೆ ಬಂದಿದ್ದೆ. ಕಡಿಮೆ ಮಾತಿನವನು ಎಂದು ಎಲ್ಲ ಕಡೆ ಅನ್ನಿಸಿಕೊಂಡವನು. ವಾರಕ್ಕೊಮ್ಮೆ ಊರಿಗೆ ಊರೇ ಬಾಯಿ ಮುಚ್ಚಿಕೊಳ್ಳುವ ಜಾಗ ಸಿಕ್ಕಿದ್ದು ನನಗೆ ಹಿತವಾಗಿಯೇ ಇತ್ತು.

ಕೀಲುಗಳ ಪಿನ್ನುಗಳನ್ನು ತಿಕ್ಕಿ ಕೂರಿಸುವವರು ನೀಲಗಂಗವ್ವ. ಐವತ್ತು ದಾಟಿತ್ತು. ಅವರ ಗಂಡ ಶಿವಪುತ್ರಪ್ಪನವರದು ಪೇಟೆಯಲ್ಲಿ ಹೊಲಿಗೆ ಯಂತ್ರ ರಿಪೇರಿಯ ಅಂಗಡಿ. ಇಪ್ಪತ್ತೈದು ವರ್ಷ ಅಲ್ಲಿ ಕೂತು ಸಣ್ಣ ಸಣ್ಣ ಉಕ್ಕಿನ ತುಂಡುಗಳಿಗೆ ಅರ ಹಾಕಿ ಉಜ್ಜಿದ ಕೈ ನೀಲಗಂಗವ್ವನದು. ಕಾರ್ಖಾನೆಯ ಯಂತ್ರ ಕತ್ತರಿಸಿ ಕೊಟ್ಟ ಪಿನ್ನನ್ನು ಅವರು ತೊಗಲಿನ ಪಟ್ಟಿಯ ಮೇಲೆ ತಿಕ್ಕುತ್ತಿದ್ದರು, ರಂಧ್ರದಲ್ಲಿಟ್ಟು ಕಿವಿಯ ಹತ್ತಿರ ತಿರುಗಿಸುತ್ತಿದ್ದರು, ಮತ್ತೆ ತಿಕ್ಕುತ್ತಿದ್ದರು. ನಾನು ಅಳತೆ ಯಂತ್ರ ತಂದು ನೋಡುವಷ್ಟರಲ್ಲಿ ಅವರು ಮುಂದಿನದನ್ನು ಎತ್ತಿಕೊಂಡಿರುತ್ತಿದ್ದರು. "ನೋಡ್ರಿ ಸಾಹೇಬ್ರ, ನೋಡ್ರಿ. ನಿಮ್ಮ ಯಂತ್ರಕ್ಕೂ ಒಂದೀಟು ಕೆಲಸ ಬೇಕಲ್ಲ," ಎನ್ನುತ್ತಿದ್ದರು.

ಮೋಟಾರು ನೋಡಿಕೊಳ್ಳುವ ದಸ್ತಗೀರ ಸುಮ್ಮನಿರುತ್ತಿರಲಿಲ್ಲ. "ಯಕ್ಕಾ, ಆ ಪಿನ್ನು ಎಷ್ಟ್ ತಿಕ್ಕತಿ? ಮನ್ಯಾಗ ಅಣ್ಣಾರ ಮಾರಿ ನೋಡಿ ಎಷ್ಟ್ ದಿನಾ ಆತು?"

"ಅವರ ಮಾರಿ ತಿಕ್ಕಿದ್ರ ಹೊಳಿಯಂಗಿಲ್ಲೋ ತಮ್ಮಾ. ಇದು ಹೊಳಿತೈತಿ."

ಮೊದಲ ಪರೀಕ್ಷೆಯಲ್ಲಿ ನಡುಕ ನಿಲ್ಲಲು ಇಪ್ಪತ್ತೊಂಬತ್ತು ಸೆಕೆಂಡು ಹಿಡಿಯಿತು. ಪಿನ್ನಿಗೂ ರಂಧ್ರಕ್ಕೂ ನಡುವೆ ಅರ್ಧ ಕೂದಲಿನಷ್ಟು ಸಂದು ಇದೆ, ಅದೇ ನಡುಕಕ್ಕೆ ಕಾರಣ, ಇನ್ನೂ ಬಿಗಿ ಮಾಡಬೇಕು ಎಂದೆ. ನೀಲಗಂಗವ್ವ ಹೊಸ ಪಿನ್ನುಗಳನ್ನು ತಿಕ್ಕಿದರು. ಸಂದು ಕಾಲು ಕೂದಲಿಗೆ ಇಳಿಯಿತು. ಎರಡನೆಯ ಪರೀಕ್ಷೆಯಲ್ಲಿ ಮೂವತ್ತನಾಲ್ಕು ಸೆಕೆಂಡು. ಇನ್ನೂ ಬಿಗಿ, ಇನ್ನೂ ನುಣುಪು ಎಂದೆ. ಅವರು ಕೈಯಲ್ಲಿದ್ದ ಪಿನ್ನನ್ನು ಕೆಳಗಿಟ್ಟರು. "ಬಿಗಿ ಮಾಡಿದ್ದಕ್ಕ ಜಾಸ್ತಿ ಆತಲ್ಲರೀ?" ಎಂದು ಕೇಳಿದರು. ಇನ್ನೂ ಬಿಗಿ ಮಾಡಿದರೆ ಕಡಿಮೆಯಾಗುತ್ತದೆ, ಲೆಕ್ಕ ಹಾಗೇ ಹೇಳುತ್ತದೆ ಎಂದೆ. ಓದಿದವರು, ಲೆಕ್ಕ ಗೊತ್ತಿದ್ದವರು ಎಂದು ಅವರು ಮತ್ತೆ ತೊಗಲಿನ ಪಟ್ಟಿ ಹಾಸಿದರು. ಐದು ತಿಂಗಳು ತಿಕ್ಕಿದರು. ಹೆಬ್ಬೆರಳಿನ ಗುರುತು ಸವೆದು ಹೋಗಿ, ರೇಷನ್ ಅಂಗಡಿಯಲ್ಲಿ ಬೆರಳೊತ್ತುವ ಯಂತ್ರ ಅವರನ್ನು ಅವರಲ್ಲ ಎಂದಿತು. ಆಮೇಲೆ ಅವರ ಪಾಲಿನ ಅಕ್ಕಿ ತರಲು ಶಿವಪುತ್ರಪ್ಪನವರೇ ಹೋಗಬೇಕಾಯಿತು.

ಮೂರನೆಯ ಪರೀಕ್ಷೆಗೆ ಮೊದಲು ನಮ್ಮ ಮುಖ್ಯಸ್ಥ ಕಟಗೇರಿಯವರು ಎಲ್ಲರನ್ನೂ ಕರೆದರು. "ಇದು ಕಡೇದು. ಇವತ್ತೂ ಇಪ್ಪತ್ತು ದಾಟಿದರೆ ಉಂಗುರವನ್ನು ಬೇರೆ ಕಡೆ ಒಯ್ಯುತ್ತಾರೆ, ಈ ಷೆಡ್ಡಿಗೆ ಬೀಗ ಬೀಳುತ್ತದೆ. ಯಾರೂ ಉಂಗುರ ಮುಟ್ಟುವ ಹಾಗಿಲ್ಲ. ಕೈ ಬೆಲ್ಟಿನೊಳಗೆ ಇಟ್ಟುಕೊಳ್ಳಿ," ಎಂದರು. ಹದಿನಾಲ್ಕು ಜನರೂ ಕೈಗಳನ್ನು ಸೊಂಟದ ಬೆಲ್ಟಿನೊಳಗೆ ತೂರಿಸಿಕೊಂಡು, ಸೈರನ್ ಕೇಳಿ, ಬಾಯಿ ಮುಚ್ಚಿಕೊಂಡು, ತಮ್ಮ ತಮ್ಮ ಕಂಬಗಳಿಂದ ತುಸು ಮೇಲೆದ್ದರು.

ಉಂಗುರ ಬಿಚ್ಚಿಕೊಂಡಿತು. ಅದರಲ್ಲಿ ಹೇಳುವಂಥದ್ದೇನೂ ಇಲ್ಲ. ಇಪ್ಪತ್ತೆರಡು ನಿಮಿಷ, ಒಂದು ಹೂವು ಅರಳಿದಂತೆ ಎಂದು ಬೇರೆಯವರು ಬರೆದಾರು. ನನಗೆ ಯಾರೋ ಬಹಳ ನಿಧಾನಕ್ಕೆ ಮಂಚ ಬಿಡಿಸಿದಂತೆ ಕಂಡಿತು. ಕೀಲುಗಳು ಕಚ್ಚಿಕೊಂಡವು. ನಡುಕ ಶುರುವಾಯಿತು. ಎಲ್ಲರೂ ಗೋಡೆಯ ಗಡಿಯಾರ ನೋಡುತ್ತಿದ್ದರು. ಹದಿನೇಳನೆಯ ಕೀಲಿನ ಪಕ್ಕದಲ್ಲಿದ್ದ ನೀಲಗಂಗವ್ವನೂ ಗಡಿಯಾರವನ್ನೇ ನೋಡುತ್ತಿದ್ದರು. ಅವರ ಬಲಗೈ ಬೆಲ್ಟಿನಿಂದ ಹೊರಗೆ ಬಂತು. ತನ್ನ ಪಾಡಿಗೆ ಮುಂದೆ ಹೋಯಿತು. ತೋರುಬೆರಳು ಒಂದಿಷ್ಟು ಉದ್ದವಾಯಿತು. ಆಮೇಲೆ ಕೈ ಹಿಂದೆ ಬಂದು ಬೆಲ್ಟಿನೊಳಗೆ ಸೇರಿತು. ಅವರ ಕಣ್ಣು ಗಡಿಯಾರ ಬಿಟ್ಟು ಕದಲಲಿಲ್ಲ. ಒಂಬತ್ತನೆಯ ಸೆಕೆಂಡಿಗೆ ಉಂಗುರ ನಿಂತಿತು.

ಭಾರ ವಾಪಸು ಬಂದಾಗ ಎಲ್ಲರ ಕಾಲುಗಳೂ ಒಟ್ಟಿಗೆ ನೆಲ ಮುಟ್ಟಿದ ಸದ್ದಾಯಿತು. ಮೊದಲು ಬಾಯಿ ಬಿಟ್ಟವನು ದಸ್ತಗೀರ. "ಒಂಬತ್ತು! ಯಕ್ಕಾ, ಒಂಬತ್ತು!" ಎಂದು ಕೂಗಿ ತನ್ನ ಬೆಲ್ಟು ಬಿಚ್ಚುವುದನ್ನು ಮರೆತು ಓಡಲು ಹೋಗಿ ಬಿದ್ದ. ಕಟಗೇರಿಯವರು ಕನ್ನಡಕ ತೆಗೆದು ಒರೆಸಿಕೊಂಡರು. ನೀಲಗಂಗವ್ವ ಕಂಬಕ್ಕೆ ಒರಗಿಕೊಂಡೇ ನೆಲಕ್ಕೆ ಕುಸಿದು ಕೂತು ಸೆರಗಿನಲ್ಲಿ ಮುಖ ಮುಚ್ಚಿಕೊಂಡರು. ಅಷ್ಟು ಹೊತ್ತಿಗೆ ನಾನು ನಡುಕ ಬರೆಯುವ ಯಂತ್ರದಿಂದ ಕಾಗದದ ಪಟ್ಟಿಯನ್ನು ಹರಿದುಕೊಂಡಿದ್ದೆ.

ತಾನಾಗಿ ಸುಮ್ಮನಾಗುವ ವಸ್ತುವಿನ ಗೆರೆ ಸ್ವಲ್ಪಸ್ವಲ್ಪವೇ ಸಣ್ಣದಾಗುತ್ತ ಹೋಗುತ್ತದೆ. ಎಲ್ಲಿ ನಿಂತಿತು ಎಂದು ಬೆರಳಿಟ್ಟು ತೋರಿಸುವುದೇ ಕಷ್ಟ. ನನ್ನ ಕೈಯಲ್ಲಿದ್ದ ಪಟ್ಟಿಯಲ್ಲಿ ಗೆರೆ ಆರು ಸೆಕೆಂಡು ಒಂದೇ ಸಮ ಜೋರಾಗಿತ್ತು. ಅಲ್ಲಿಂದ ಮುಂದೆ ಬಾವಿಗೆ ಬಿದ್ದಂತೆ ಇಳಿದಿತ್ತು. ಅದನ್ನು ಓದಬಲ್ಲವನು ಷೆಡ್ಡಿನಲ್ಲಿ ನಾನೊಬ್ಬನೇ. ಕಟಗೇರಿಯವರು "ಸರಿಯಾಗಿದೆಯಲ್ಲ, ಶ್ರೀಕರ?" ಎಂದು ಕೇಳಿದರು. ನಾನು ಪಟ್ಟಿಯ ಕೆಳಗೆ ಒಂಬತ್ತು ಎಂದು ಬರೆದು ಸಹಿ ಹಾಕಿದೆ. ಅದಕ್ಕೆ ಮಾತು ಬೇಕಾಗಲಿಲ್ಲ.

ಅಂದು ಸಂಜೆ ಅಂಗಡಿಗೆ ಬರಲೇಬೇಕು ಎಂದು ನೀಲಗಂಗವ್ವ ಹೇಳಿ ಕಳಿಸಿದ್ದರು. ಮಂಡಕ್ಕಿ ಒಗ್ಗರಣೆ ಮಾಡಿದ್ದರು. ಶಿವಪುತ್ರಪ್ಪನವರು ಒಂದು ಹಳೆಯ ಯಂತ್ರದ ಚಕ್ರ ತಿರುಗಿಸುತ್ತ, "ನಮ್ಮಾಕಿ ಪಿನ್ನು ಆಕಾಶಕ್ಕ ಹೊಂಟ್ವು. ನಾ ರಿಪೇರಿ ಮಾಡಿದ ಮಷೀನು ಬರೇ ಲಂಗ, ಪರಕಾರ ಹೊಲಿತಾವು," ಎಂದರು. ನೀಲಗಂಗವ್ವ ನಗಲಿಲ್ಲ. ತಟ್ಟೆ ಮುಂದಿಟ್ಟು ಕೇಳಿದರು:

"ಒಂದು ತಿಳೀವಲ್ದು ಸಾಹೇಬ್ರ. ಹೋದ ಸಲ ಮೂವತ್ನಾಲ್ಕು. ಈ ಸಲ ಒಂಬತ್ತು. ನಾ ಅಂಥಾದ್ದೇನು ಮಾಡೀನಿ?"

"ಪಿನ್ನುಗಳು ಪಳಗಿವೆ."

"ಹೊಸಾ ಪಿನ್ನು, ಷೆಡ್ಡಿನ್ಯಾಗ ಒಂದ ಸಲ ಬಿಚ್ಚಿದ್ರ ಪಳಗತಾವೇನ್ರಿ?"

"ಪಳಗುತ್ತವೆ."

ಅವರು ತಲೆಯಾಡಿಸಿದರು. ಒಪ್ಪಿದವರ ತಲೆಯಾಟ ಅಲ್ಲ ಅದು. ಆದರೂ ಓದಿದವನು ಎದುರಿಗೆ ಕೂತು ಮಂಡಕ್ಕಿ ತಿನ್ನುತ್ತ ಸುಳ್ಳು ಹೇಳುತ್ತಾನೆ ಎಂದು ಅವರಿಗೆ ಹೊಳೆದಿರಲಿಕ್ಕಿಲ್ಲ.

ಮುಂದಿನ ಭಾನುವಾರ ಇಡೀ ದಿನ ಕೂತು ಲೆಕ್ಕವನ್ನು ಮೊದಲಿನಿಂದ ಮಾಡಿದೆ. ನಾನು ಗಾಬರಿಯಾಗಿದ್ದೆ ಎಂದು ಹೇಳಲಾರೆ. ಹಲ್ಲುನೋವು ಎಲ್ಲಿದೆ ಎಂದು ನಾಲಿಗೆಯಿಂದ ಹುಡುಕುವ ಹಾಗೆ ಹುಡುಕಿದೆ, ಸಿಕ್ಕಿತು. ನಡುಕವನ್ನು ತಿನ್ನುವುದು ಕೀಲಿನೊಳಗಿನ ಆ ಸಣ್ಣ ಸಡಿಲ, ಆ ಸಣ್ಣ ತಿಕ್ಕಾಟವೇ. ಪಿನ್ನು ಸ್ವಲ್ಪ ಒರಟಾಗಿದ್ದು, ಸ್ವಲ್ಪ ಸಡಿಲಾಗಿದ್ದರೆ ಪ್ರತಿ ಅಲುಗಾಟಕ್ಕೂ ಅದು ಒಂದಿಷ್ಟು ಶಕ್ತಿಯನ್ನು ಉಜ್ಜಿ ಕಳೆಯುತ್ತದೆ. ಬಿಗಿ ಮಾಡಿ ನುಣುಪು ಮಾಡಿದಷ್ಟೂ ಉಂಗುರ ದೇವಸ್ಥಾನದ ಗಂಟೆಯಂತಾಗುತ್ತದೆ. ಒಮ್ಮೆ ಹೊಡೆದರೆ ಮೊಳಗುತ್ತಲೇ ಇರುತ್ತದೆ. ನಾನು ಒಂದು ಕಡೆ ಕೂಡಿಸಬೇಕಾದ್ದನ್ನು ಕಳೆದಿದ್ದೆ. ಇವಕ್ಕಿಂತ ಮೊದಲ ದಿನದ ಪಿನ್ನುಗಳೇ ವಾಸಿಯಿದ್ದವು, ಅವನ್ನು ಇನ್ನಷ್ಟು ಸಡಿಲ ಮಾಡಬೇಕಿತ್ತು. ನೀಲಗಂಗವ್ವ ಆಮೇಲೆ ತಿಕ್ಕಿದ ಒಂದೊಂದು ದಿನವೂ, ನಾನು ಹೇಳಿದ್ದನ್ನು ಅವರು ತಪ್ಪಿಲ್ಲದೆ ಮಾಡಿದ್ದರಿಂದಲೇ, ಉಂಗುರವನ್ನು ಇನ್ನಷ್ಟು ನಡುಗುವಂತೆ ಮಾಡಿತ್ತು.

ಸೋಮವಾರ ಕಟಗೇರಿಯವರ ಕೋಣೆಯ ಬಾಗಿಲವರೆಗೆ ಹೋದೆ. ಒಳಗೆ ಅವರು ಫೋನಿನಲ್ಲಿ, "ನಮ್ಮ ಹುಡುಗರು ಬಹಳ ಕಷ್ಟಪಟ್ಟಿದ್ದಾರೆ ಸರ್," ಎನ್ನುತ್ತಿದ್ದರು. ಉಂಗುರವನ್ನು ಅಷ್ಟರಲ್ಲಿ ಮಡಿಸಿ ಪೆಟ್ಟಿಗೆಯಲ್ಲಿಟ್ಟು ಮೊಳೆ ಹೊಡೆದಿದ್ದರು. ಫೋನು ಮುಗಿಯುವವರೆಗೆ ನಿಲ್ಲೋಣ ಎಂದು ನಿಂತೆ. ಅವರು ಬೇಗ ಮುಗಿಸಲಿಲ್ಲ. ವಾಪಸು ಬಂದೆ. ಆಮೇಲೆ ಹೋಗಬಹುದಾಗಿದ್ದ ದಿನಗಳು ಬೇಕಾದಷ್ಟಿದ್ದವು.

ಹದಿನಾಲ್ಕು ತಿಂಗಳಾದ ಮೇಲೆ ಉಂಗುರ ಮೇಲೆ ಹೋಯಿತು. ಸರಿಯಾಗಿ ಬಿಚ್ಚಿಕೊಂಡಿತು ಎಂದು ಸುದ್ದಿ ಬಂದಾಗ ಷೆಡ್ಡಿನಲ್ಲಿ ಪೇಡೆ ಹಂಚಿದರು. ಎರಡು ವಾರದ ನಂತರ ಮೇಲಿನವರಿಂದ ಕಾಗದ ಬಂತು. ಆಂಟೆನಾ ಪ್ರತಿ ಸಲ ದಿಕ್ಕು ಬದಲಿಸಿದಾಗಲೂ ನಾಲ್ಕು ನಿಮಿಷ ನಡುಗುತ್ತಿದೆ. ಅಲ್ಲಿ ಗಾಳಿಯೂ ಇಲ್ಲ, ಬೆರಳು ಕೊಡುವವರೂ ಇಲ್ಲ. ಕಾಗದದಲ್ಲಿ ಹಾಗೆ ಬರೆದಿರಲಿಲ್ಲ, ನಾನು ಹಾಗೆ ಓದಿಕೊಂಡೆ. ನಾಲ್ಕು ನಿಮಿಷ ಕಾದು ಆಮೇಲೆ ಕೆಲಸ ತೆಗೆದುಕೊಳ್ಳುತ್ತಿದ್ದೇವೆ, ಅನಾಹುತವೇನೂ ಇಲ್ಲ, ಆದರೆ ಕಾರಣ ದಾಖಲಾಗಬೇಕು ಎಂದಿತ್ತು. ಪರೀಕ್ಷೆಯಲ್ಲಿ ಒಂಬತ್ತು ಸೆಕೆಂಡು ಬಂದದ್ದರಿಂದ ನಕ್ಷೆ ಸರಿಯಿದೆ ಎಂದು ತಿಳಿಯಬೇಕಾಗುತ್ತದೆ, ಆದ್ದರಿಂದ ಕೀಲಿನ ಪಿನ್ನುಗಳ ಕೆಲಸದಲ್ಲಿ ಲೋಪವಿರಬಹುದು ಎಂದೂ ಇತ್ತು.

ಕಟಗೇರಿಯವರು ನನ್ನನ್ನೂ ನೀಲಗಂಗವ್ವನನ್ನೂ ಕೂರಿಸಿಕೊಂಡು ಅದನ್ನು ಓದಿ ಹೇಳಿದರು. ಓದುವಾಗ ಅವರಿಗೆ ಸಂಕಟವಾಗುತ್ತಿತ್ತು. "ಶ್ರೀಕರ, ನೀವೇನಂತೀರಿ?" ಎಂದರು.

ನಾನು ಮೇಜಿನ ಮೇಲಿದ್ದ ಕಾಗದದ ಮೂಲೆಯನ್ನು ನೋಡುತ್ತಿದ್ದೆ. ನಾನು ಕಡಿಮೆ ಮಾತಿನವನು ಎಂದು ಅವರಿಗೆ ಗೊತ್ತಿದ್ದರಿಂದ ಬಹಳ ಹೊತ್ತು ಕಾಯಲಿಲ್ಲ. ನೀಲಗಂಗವ್ವನ ಕಡೆ ತಿರುಗಿದರು.

"ಇರಬಹುದ್ರಿ," ಎಂದರು ಅವರು. "ಕೈ ಮೊದಲಿನಂಗ ಇಲ್ಲ. ವಯಸ್ಸಾತು. ಯಾವುದೋ ಒಂದೆರಡು ಪಿನ್ನಿನ್ಯಾಗ ತಪ್ಪಿರಬೇಕು." ಎರಡೂ ಕೈಗಳನ್ನು ಮೇಜಿನ ಮೇಲೆ ಚಾಚಿ ತಾವೇ ನೋಡಿಕೊಂಡರು. ಕೈ ನಡುಗುತ್ತಿರಲಿಲ್ಲ. "ನಡುಕ ಈಗ ಕಾಣವಲ್ದು," ಎಂದರು.

ಅವರನ್ನು ಯಾರೂ ತೆಗೆದುಹಾಕಲಿಲ್ಲ. ಜಾಲರಿಯ ಧೂಳು ಒರೆಸುವ ಕೆಲಸಕ್ಕೆ ಹಾಕಿದರು. ಒಂದು ತಿಂಗಳು ಒರೆಸಿ, ಮಂಡಿ ನೋವು ಎಂದು ಬಿಟ್ಟರು. ದಸ್ತಗೀರ ಬಂದು ಹೇಳಿದ: "ಯಕ್ಕ ಅಂಗಡ್ಯಾಗೂ ಅರ ಮುಟ್ಟವಲ್ಲರಂತ ಸಾಹೇಬ್ರ. ಗಿರಾಕಿ ಬಂದ್ರ, ಅವರ ಕಡೆ ಮಾಡಿಸ್ಕೋರಿ ಅಂತ ಅಣ್ಣಾರನ್ನ ತೋರಸ್ತಾರಂತ. ಅಣ್ಣಾರಿಗೆ ಕಣ್ಣು ಕಾಣಂಗಿಲ್ಲ. ನೀವಾದರೂ ಒಂದ್ ಮಾತು ಹೇಳ್ರಿ. ನೀವು ಹೇಳಿದ್ದು ಕೇಳತಾರ ಅವರು." ನಾನು ಹೂಂ ಎಂದೆ.

ಉಗ್ರಾಣದಲ್ಲಿ ಮೂರನೆಯ ಪರೀಕ್ಷೆಗೆಂದು ಮಾಡಿ ಉಳಿದಿದ್ದ ಹನ್ನೆರಡು ಪಿನ್ನುಗಳಿದ್ದವು. ಅವನ್ನು ತಂದು ಒಂದೊಂದಾಗಿ ಅಳೆದೆ. ನಾನು ಕೇಳಿದ್ದ ಅಳತೆಯಿಂದ ಒಂದೂ ಆಚೆ ಈಚೆ ಇರಲಿಲ್ಲ. ಎರಡನೆಯ ಸಲ ಅಳೆದೆ. ಆ ಡಬ್ಬಿಯನ್ನು ಜೇಬಿನಲ್ಲಿಟ್ಟುಕೊಂಡು ಗುರುವಾರ ಮಧ್ಯಾಹ್ನ ಪೇಟೆಗೆ ಹೋದೆ. ದಾರಿಯಲ್ಲಿ ಹೇಳಬೇಕಾದ ಮಾತುಗಳನ್ನು ಜೋಡಿಸಿಕೊಂಡೆ. ನಾಲ್ಕೇ ವಾಕ್ಯಗಳಿದ್ದವು. ಯಾವ ಮಗು ಬೇಕಾದರೂ ಹೇಳಬಹುದಾದಂಥವು.

ಶಿವಪುತ್ರಪ್ಪನವರು ಇರಲಿಲ್ಲ. ನೀಲಗಂಗವ್ವ ಒಬ್ಬರೇ ಬಾಗಿಲಲ್ಲಿ ಕೂತು ಅವರೆಕಾಯಿ ಸುಲಿಯುತ್ತಿದ್ದರು. ಗೋಡೆಯ ಮೇಲೆ ಅರಗಳೆಲ್ಲ ಬಟ್ಟೆಯಲ್ಲಿ ಸುತ್ತಿ ನೇತಾಡುತ್ತಿದ್ದವು. "ಬರ್ರಿ, ಬರ್ರಿ. ಇವತ್ತು ರಜಾ ಏನು?" ಎಂದು ಸ್ಟೂಲು ಎಳೆದರು. ನಾನು ಡಬ್ಬಿ ಹೊರಗೆ ತೆಗೆದೆ. ಅವರು ಅದನ್ನು ಗುರುತು ಹಿಡಿದರು. ಮುಚ್ಚಳ ತೆರೆದು ನೋಡಿದರು, ಮುಟ್ಟಲಿಲ್ಲ.

"ಅಳದೀರಿ ಅಲ್ಲ?"

"ಅಳೆದೆ."

"ಖರೆ ಹೇಳ್ರಿ ಸಾಹೇಬ್ರ. ನನಗ ಬ್ಯಾಸರ ಇಲ್ಲ. ಎಷ್ಟು ತಪ್ಪಿತ್ತು?"

ಎರಡೂ ಹತ್ತರ ಸೈರನ್ ಕೂಗಿತು. ಅವರು ಅವರೆಕಾಳಿನ ಪಾತ್ರೆಗೆ ಮುಚ್ಚಳ ಹಾಕಿ ತಿರುಗಿಸಿದರು, ಪಿನ್ನಿನ ಡಬ್ಬಿಯನ್ನೂ ಮುಚ್ಚಿ ಸೆರಗಿನಲ್ಲಿ ಕಟ್ಟಿಕೊಂಡರು, ಬಾಗಿಲು ಎಳೆದರು, ಬಂದವರಿಗಾಗಿ ಇದ್ದ ಕೊಂಡಿಯನ್ನು ನನಗೆ ತೋರಿಸಿ, ತಮ್ಮದಕ್ಕೆ ಬೆಲ್ಟು ಸಿಕ್ಕಿಸಿಕೊಂಡರು. ಇನ್ನೂ ಐದು ನಿಮಿಷ ಇತ್ತು. ಐದು ನಿಮಿಷದಲ್ಲಿ ನಾಲ್ಕು ವಾಕ್ಯಗಳನ್ನು ಹೇಳಬಹುದು. ಅವರು ನನ್ನ ಬಾಯಿಯನ್ನೇ ನೋಡುತ್ತಿದ್ದರು. ಕೊಂಡಿ ಸರಿಯಾಗಿ ಬೀಳುತ್ತಿಲ್ಲ ಎಂಬಂತೆ ನಾನು ಬೆಲ್ಟಿನೊಡನೆ ಹೆಣಗುತ್ತಿದ್ದೆ. ಭಾರ ಹೋಯಿತು.

ನಲವತ್ತು ನಿಮಿಷ ನಾವಿಬ್ಬರೂ ಎದುರುಬದುರು ಗೋಡೆಗಳಿಗೆ ಕಟ್ಟಿಕೊಂಡು ತೇಲುತ್ತಿದ್ದೆವು. ಅವರು ಒಮ್ಮೆ ಬಲಗೈಯನ್ನು ಮುಖದ ಮುಂದೆ ಚಾಚಿ, ಬೆರಳುಗಳನ್ನು ಅಗಲಿಸಿ, ಅವು ನಡುಗುತ್ತವೆಯೇ ಎಂದು ಬಹಳ ಹೊತ್ತು ನೋಡಿಕೊಂಡರು. ಬೆರಳುಗಳು ಅಲುಗಲಿಲ್ಲ. ಅವರಿಗೆ ನಂಬಿಕೆ ಬಂದಂತೆ ಕಾಣಲಿಲ್ಲ. ಕಣ್ಣು ಕಿರಿದು ಮಾಡಿ ಮತ್ತೆ ನೋಡಿದರು.

ಭಾರ ಬಂದ ಮೇಲೆ ಅವರು ಮತ್ತೆ ಕೇಳಲಿಲ್ಲ. ಸೆರಗಿನಿಂದ ಡಬ್ಬಿ ಬಿಚ್ಚಿ ನನ್ನ ಕೈಗೆ ವಾಪಸು ಕೊಟ್ಟರು. "ಹೋಗ್ಲಿ ಬಿಡ್ರಿ. ನೀವರೆ ಹೆಂಗ ಹೇಳ್ತೀರಿ ಪಾಪ, ದೊಡ್ಡಾಕಿ ಮಾರಿ ಮ್ಯಾಲೆ," ಎಂದರು. ಒಲೆ ಹಚ್ಚಿ ಚಹ ಮಾಡಿದರು. ನಾನು ಕುಡಿದೆ. ಚಹ ಚೆನ್ನಾಗಿದೆ ಎಂದೆ.

ಪಿನ್ನುಗಳಲ್ಲಿ ತಪ್ಪಿರಲಿಲ್ಲ, ತಪ್ಪು ನನ್ನ ಲೆಕ್ಕದಲ್ಲಿತ್ತು ಎಂದು ನಾನು ಅವರಿಗೆ ಅಂದೂ ಹೇಳಲಿಲ್ಲ, ಆಮೇಲೂ ಹೇಳಲಿಲ್ಲ.